ಸೋರ್ಸ್‌ನಿಂದ ಸ್ಕ್ವಿಡ್ ಪ್ರಾಕ್ಸಿ ಹಾಕುವಾಗ ಎಲ್ಲಿ ಕೈಕೊಡುತ್ತದೆ, ಹೇಗೆ ಹಿಡಿಯುವುದು

ಸ್ಕ್ವಿಡ್ ಎಂದರೆ ಬ್ರೌಸರ್‌ಗೂ ಇಂಟರ್ನೆಟ್‌ಗೂ ನಡುವೆ ನಿಂತು ಪೇಜ್ ತರಿಸಿಕೊಡುವ, ಎತ್ತಿಟ್ಟುಕೊಳ್ಳುವ ಪ್ರಾಕ್ಸಿ ಪ್ರೋಗ್ರಾಂ. ಅದು ಸೋರ್ಸ್‌ನಿಂದ (ಮೂಲ ಕೋಡ್‌ನಿಂದ) ಕಂಪೈಲ್ ಆಗುತ್ತಿಲ್ಲ ಎಂದು ಸಹಾಯ ಕೇಳುವವರು ಸಾಮಾನ್ಯವಾಗಿ ಟರ್ಮಿನಲ್‌ನ ಕೊನೆಯ ಸಾಲನ್ನು ಕಾಪಿ ಮಾಡಿ ಕಳಿಸುತ್ತಾರೆ. ‘ಮೇಕ್, ಎರರ್ 2’. ಅಷ್ಟೇ. ಅದರಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಒಳಗಿನ ಯಾವುದೋ ಫೋಲ್ಡರ್‌ನಲ್ಲಿ ಆದ ತಪ್ಪನ್ನು ಅದರ ಮೇಲಿನ ಫೋಲ್ಡರ್, ಆಮೇಲೆ ಅದರ ಮೇಲಿನದು, ಹೀಗೆ ಒಂದೊಂದಾಗಿ ಹೇಳುತ್ತಾ ಬರುತ್ತವೆ, ಕೊನೆಗೆ ಸ್ಕ್ರೀನ್ ಮೇಲೆ ಉಳಿಯುವುದು ಆ ಚಾಡಿ ಮಾತ್ರ. ನಿಜವಾದ ತಪ್ಪು ತುಂಬಾ ಸಾಲುಗಳ ಹಿಂದೆ ಇರುತ್ತದೆ. ಇನ್ನು ಕೆಲವರದ್ದು ಬೇರೆ ಗೋಳು. ಕಂಪೈಲ್ ಚೆನ್ನಾಗಿಯೇ ಆಗಿದೆ, ಆದರೆ ಮೆಷಿನ್‌ನಲ್ಲಿ ಓಡುತ್ತಿರುವುದು ಅವರು ಕಂಪೈಲ್ ಮಾಡಿದ ಸ್ಕ್ವಿಡ್ಡೇ ಅಲ್ಲ.

ಹಾಗಾಗಿ ಮೊದಲು ಯಾವ ಹಂತದಲ್ಲಿ ನಿಂತಿತು ಎಂದು ನೋಡಿ. ಪ್ರತಿ ಹಂತಕ್ಕೂ ಅದರದ್ದೇ ಲಾಗ್ ಇದೆ. ಮೆಷಿನ್‌ನಲ್ಲಿ ಬೇಕಾದದ್ದೆಲ್ಲ ಇದೆಯೇ ಎಂದು ಪರೀಕ್ಷಿಸುವ ಕಾನ್ಫಿಗರ್ ಸ್ಕ್ರಿಪ್ಟ್ ನಿಂತರೆ ಕಾನ್ಫಿಗ್.ಲಾಗ್. ಕಂಪೈಲ್ ಮಾಡಿಸುವ ಮೇಕ್ ನಿಂತರೆ ಅದರ ಔಟ್‌ಪುಟ್, ಅದನ್ನು ನಾವೇ ಉಳಿಸಿಕೊಳ್ಳಬೇಕು. ಸ್ಕ್ವಿಡ್ ಸ್ಟಾರ್ಟ್ ಆಗದಿದ್ದರೆ ಕ್ಯಾಶ್.ಲಾಗ್. ಸ್ಟಾರ್ಟ್ ಆಗಿಯೂ ಬ್ರೌಸರ್‌ನಲ್ಲಿ ಪೇಜ್ ಬರದಿದ್ದರೆ ಆ್ಯಕ್ಸೆಸ್.ಲಾಗ್. ಈ ನಾಲ್ಕರಲ್ಲಿ ತಪ್ಪಾದದ್ದನ್ನು ತೆರೆದುಕೊಂಡು ಕೂತರೆ ಇಡೀ ರಾತ್ರಿ ಹೋಗುತ್ತದೆ, ಉತ್ತರ ಸಿಗುವುದಿಲ್ಲ.

ಒಂದು ಸೂಚನೆ. ಕಮಾಂಡ್, ಫೈಲ್ ಹೆಸರು, ಆಯ್ಕೆ ಎಲ್ಲವನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಸೋರ್ಸ್‌ನಿಂದಲೇ ಬೇಕಾ?

ಇದನ್ನು ಮೊದಲೇ ಕೇಳಿಕೊಳ್ಳಿ. ಡೆಬಿಯನ್, ಉಬುಂಟು ಬಳಸುವವರು ಸೋರ್ಸ್‌ಗೆ ಇಳಿಯುತ್ತಿದ್ದದ್ದು ಹೆಚ್ಚಾಗಿ ಒಂದೇ ಕಾರಣಕ್ಕೆ. ಸ್ಕ್ವಿಡ್‌ನ ಜಿಪಿಎಲ್ ಲೈಸೆನ್ಸಿಗೂ ಓಪನ್‌ಎಸ್‌ಎಸ್‌ಎಲ್ ಎಂಬ ಎನ್‌ಕ್ರಿಪ್ಷನ್ ಲೈಬ್ರರಿಯ ಹಳೆಯ ಲೈಸೆನ್ಸಿಗೂ ಹೊಂದಾಣಿಕೆ ಇರಲಿಲ್ಲ, ಹಾಗಾಗಿ ಅವರು ಕೊಡುವ ಪ್ಯಾಕೇಜ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಇರುತ್ತಿರಲಿಲ್ಲ, ಎಸ್‌ಎಸ್‌ಎಲ್ ಬಂಪ್ (ಎಚ್‌ಟಿಟಿಪಿಎಸ್ ಸೈಟ್‌ಗಳ ಎನ್‌ಕ್ರಿಪ್ಷನ್ ಬಿಚ್ಚಿ ಒಳಗೆ ನೋಡುವ ಸೌಲಭ್ಯ) ಕೆಲಸ ಮಾಡುತ್ತಿರಲಿಲ್ಲ. ಡೆಬಿಯನ್ 11ರಿಂದ ‘ಸ್ಕ್ವಿಡ್-ಓಪನ್‌ಎಸ್‌ಎಸ್‌ಎಲ್’ ಎಂಬ ಬೇರೆ ಪ್ಯಾಕೇಜೇ ಇದೆ. ನಿಮಗೆ ಬೇಕಾದದ್ದು ಅಷ್ಟೇ ಆಗಿದ್ದರೆ ಅದನ್ನು ಹಾಕಿಕೊಂಡು ಆರಾಮಾಗಿರಿ. ಸೋರ್ಸ್‌ನಿಂದ ಹಾಕಿದ ಮೇಲೆ ಸೆಕ್ಯುರಿಟಿ ಅಪ್‌ಡೇಟ್ ಬಂದಾಗಲೆಲ್ಲ ಮತ್ತೆ ಕಂಪೈಲ್ ಮಾಡುವುದು ನಿಮ್ಮದೇ ಹೊಣೆ, ಅದನ್ನು ಯಾರೂ ನೆನಪಿಸುವುದಿಲ್ಲ.

ಯಾವ ಸ್ಕ್ವಿಡ್ ಓಡುತ್ತಿದೆ?

ಹಂತದ ಕ್ರಮದಲ್ಲಿ ಇದು ಕೊನೆಗೆ ಬರಬೇಕು. ಆದರೂ ಮೊದಲೇ ಹೇಳುತ್ತೇನೆ, ಯಾಕೆಂದರೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ತಿನ್ನುವುದು ಇದೇ.

ಪ್ರಿಫಿಕ್ಸ್ (ಎಲ್ಲಿ ಹಾಕಬೇಕು ಎಂಬ ಫೋಲ್ಡರ್) ಏನೂ ಕೊಡದೆ ಕಂಪೈಲ್ ಮಾಡಿದರೆ ಎಲ್ಲವೂ ‘/ಯುಎಸ್‌ಆರ್/ಲೋಕಲ್/ಸ್ಕ್ವಿಡ್’ ಒಳಗೆ ಹೋಗಿ ಕೂರುತ್ತದೆ. ಪ್ರೋಗ್ರಾಂ ಅದರೊಳಗಿನ ‘ಎಸ್‌ಬಿನ್’ನಲ್ಲಿ, ಕಾನ್ಫಿಗ್ ಫೈಲ್ ‘ಇಟಿಸಿ’ಯಲ್ಲಿ, ಲಾಗ್‌ಗಳು ‘ವಾರ್/ಲಾಗ್ಸ್’ನಲ್ಲಿ. ಈ ಎಸ್‌ಬಿನ್ ನಿಮ್ಮ ಪಾತ್‌ನಲ್ಲಿ, ಅಂದರೆ ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿಯಲ್ಲಿ, ಇರುವುದಿಲ್ಲ. ಹಿಂದೆ ಎಂದೋ ಪ್ಯಾಕೇಜ್ ಮೂಲಕ ಸ್ಕ್ವಿಡ್ ಹಾಕಿದ್ದರೆ ಅದು ‘/ಯುಎಸ್‌ಆರ್/ಎಸ್‌ಬಿನ್’ನಲ್ಲಿ ಹಾಗೇ ಇದೆ, ಅದರ ಕಾನ್ಫಿಗ್ ‘/ಇಟಿಸಿ/ಸ್ಕ್ವಿಡ್’ನಲ್ಲಿದೆ, ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಬೂಟ್ ಆದಾಗ ಎಬ್ಬಿಸುವುದೂ ಅದನ್ನೇ. ನೀವು ಬರೀ ‘ಸ್ಕ್ವಿಡ್’ ಎಂದು ಟೈಪ್ ಮಾಡಿದರೆ ಹಳೆಯದು ಮಾತಾಡುತ್ತದೆ. ಒಂದರ ಕಾನ್ಫಿಗ್ ತಿದ್ದುತ್ತಾ ಇನ್ನೊಂದನ್ನು ರೀಸ್ಟಾರ್ಟ್ ಮಾಡುತ್ತಾ ಕೂತರೆ ಏನು ಬದಲಾಗುತ್ತದೆ, ಅಲ್ವಾ?

ಹಿಡಿಯುವುದು ಸುಲಭ. ‘ಪಿಎಸ್’ ಕೊಟ್ಟು ಸ್ಕ್ವಿಡ್‌ನ ಪ್ರೋಸೆಸ್ ನಂಬರ್ ತೆಗೆದುಕೊಳ್ಳಿ. ಕೆಲಸ ಮಾಡುವ ಪ್ರೋಸೆಸ್ ಅಲ್ಲಿ ‘ಸ್ಕ್ವಿಡ್-1’ ಎಂದಷ್ಟೇ ಕಾಣುತ್ತದೆ, ಪಾತ್ ಕಾಣುವುದಿಲ್ಲ, ಹಾಗಾಗಿ ‘/ಪ್ರಾಕ್’ ಒಳಗೆ ಆ ನಂಬರಿನ ಫೋಲ್ಡರ್‌ನಲ್ಲಿರುವ ‘ಎಕ್ಸ್‌ಇ’ ಎಂಬ ಲಿಂಕ್ ಎಲ್ಲಿಗೆ ಹೋಗುತ್ತದೆ ಎಂದು ರೂಟ್ ಆಗಿ ‘ಎಲ್‌ಎಸ್ -ಎಲ್’ನಿಂದ ನೋಡಿ. ಅದು ಸುಳ್ಳು ಹೇಳುವುದಿಲ್ಲ. ಹಳೆಯದು ಸಿಕ್ಕಿದರೆ ‘ಸಿಸ್ಟಮ್‌ಸಿಟಿಎಲ್ ಡಿಸೇಬಲ್ --ನೌ ಸ್ಕ್ವಿಡ್’ ಕೊಟ್ಟು ಮಲಗಿಸಿ, ಸಾಧ್ಯವಾದರೆ ಪ್ಯಾಕೇಜನ್ನೇ ತೆಗೆದುಬಿಡಿ. ಇನ್ನು ಮುಂದೆ ಎಲ್ಲ ಕಮಾಂಡನ್ನೂ ಪೂರ್ತಿ ಪಾತ್ ಹಾಕಿಯೇ ಕೊಡಿ.

ಎರಡು ಕಾನ್ಫಿಗ್‌ಗಳೂ ಒಂದೇ ಥರ ಇರುವುದಿಲ್ಲ ಎಂಬುದೂ ಗಮನದಲ್ಲಿರಲಿ. ಸೋರ್ಸ್ ಜೊತೆ ಬರುವ ಕಾನ್ಫಿಗ್‌ನಲ್ಲಿ ಲೋಕಲ್ ನೆಟ್‌ವರ್ಕಿಗೆ ಅನುಮತಿ ಕೊಡುವ ಸಾಲು ಚಾಲ್ತಿಯಲ್ಲಿರುತ್ತದೆ. ಡೆಬಿಯನ್‌ನವರ ಪ್ಯಾಕೇಜಿನಲ್ಲಿ ಅದೇ ಸಾಲಿನ ಮುಂದೆ ಹ್ಯಾಶ್ ಹಾಕಿರುತ್ತಾರೆ, ಅಂದರೆ ಆ ಸಾಲು ಲೆಕ್ಕಕ್ಕಿಲ್ಲ. ಅಲ್ಲಿಂದ ಕಾಪಿ ಮಾಡಿ ಇಲ್ಲಿ ಹಾಕಿದರೆ ಸರ್ವರ್‌ನಲ್ಲಿ ಕೆಲಸ ಮಾಡುತ್ತದೆ, ಉಳಿದ ಕಂಪ್ಯೂಟರ್‌ಗಳಿಗೆಲ್ಲ ಆ್ಯಕ್ಸೆಸ್ ಡಿನೈಡ್.

ಕಾನ್ಫಿಗರ್ ಹಂತ

‘ಕಾನ್ಫಿಗರ್’ ಫೈಲೇ ಇಲ್ಲ ಎನ್ನುವವರು ಗಿಟ್‌ನಿಂದ ಕ್ಲೋನ್ ಮಾಡಿರುತ್ತಾರೆ. ಗಿಟ್‌ನಲ್ಲಿ ಆ ಸ್ಕ್ರಿಪ್ಟ್ ಇಡುವುದಿಲ್ಲ. ಆಟೋಕಾನ್ಫ್, ಆಟೋಮೇಕ್, ಲಿಬ್‌ಟೂಲ್ ಮತ್ತು ಅದರ ಡೆವಲಪ್‌ಮೆಂಟ್ ಪ್ಯಾಕೇಜ್ ಹಾಕಿಕೊಂಡು ‘ಬೂಟ್‌ಸ್ಟ್ರಾಪ್.ಎಸ್‌ಎಚ್’ ಓಡಿಸಿದರೆ ಹುಟ್ಟುತ್ತದೆ. ಆ ತಲೆನೋವು ಬೇಡ ಎಂದಾದರೆ ರಿಲೀಸ್ ಆದ ಟಾರ್ ಫೈಲನ್ನೇ ಇಳಿಸಿಕೊಳ್ಳಿ, ಅದರಲ್ಲಿ ಎಲ್ಲ ಸಿದ್ಧವಾಗಿರುತ್ತದೆ.

ಕಂಪೈಲರ್ ಕೆಲಸ ಮಾಡುತ್ತಿಲ್ಲ, ಎಕ್ಸಿಕ್ಯೂಟಬಲ್ ಮಾಡಲಾಗುತ್ತಿಲ್ಲ ಎಂಬ ದೂರು ಬಂದರೆ ಸಿ ಪ್ಲಸ್ ಪ್ಲಸ್ ಕಂಪೈಲರ್ ಹಾಕಿಲ್ಲ ಎಂದೇ ಸಾಮಾನ್ಯವಾಗಿ ಅರ್ಥ. ಸಿ ಕಂಪೈಲರ್ ಒಂದೇ ಸಾಲದು. ಉಬುಂಟುವಿನಲ್ಲಿ ‘ಬಿಲ್ಡ್-ಎಸೆನ್ಷಿಯಲ್’ ಹಾಕಿದರೆ ಎರಡೂ ಬರುತ್ತವೆ. ಕಂಪೈಲರ್ ಇದ್ದೂ ದೂರು ಬಂದರೆ ಅದರ ವಯಸ್ಸು ನೋಡಿ. ಸ್ಕ್ವಿಡ್ 4ಕ್ಕೆ ಸಿ ಪ್ಲಸ್ ಪ್ಲಸ್ 11 ಬೇಕು, 7ಕ್ಕೆ 17 ಬೇಕು. ಸೆಂಟ್‌ಓಎಸ್ 7ರ ಜೊತೆ ಬರುವ ಜಿಸಿಸಿ 4.8.5, ಅದಕ್ಕೆ 17 ಗೊತ್ತಿಲ್ಲ. ಆ ಓಎಸ್‌ನ ಬೆಂಬಲವೇ 2024ರ ಜೂನ್‌ನಲ್ಲಿ ಮುಗಿದಿದೆ, ಅದರ ಮೇಲೆ ಹೊಸ ಸ್ಕ್ವಿಡ್ ಕೂರಿಸಲು ಒದ್ದಾಡುವುದಕ್ಕಿಂತ ಓಎಸ್ ಬದಲಿಸುವುದೇ ವಾಸಿ.

ಕಂಪೈಲರ್ ಸರಿಯಿದ್ದು, ಅದು ಮಾಡಿದ ಪ್ರೋಗ್ರಾಂ ಓಡಿಸಲಾಗುತ್ತಿಲ್ಲ ಎಂದು ಹೇಳಿದರೆ ನೀವು ಕೂತಿರುವ ಡಿಸ್ಕ್ ‘ನೋಎಕ್ಸೆಕ್’ ಆಗಿ ಮೌಂಟ್ ಆಗಿದೆಯೇ ನೋಡಿ. ಸೆಕ್ಯುರಿಟಿಗೆಂದು ‘/ಟಿಎಂಪಿ’ಯನ್ನು ಹಾಗೆ ಮೌಂಟ್ ಮಾಡಿರುವ ಸರ್ವರ್‌ಗಳು ಬೇಕಾದಷ್ಟಿವೆ, ಸೋರ್ಸನ್ನು ಅಲ್ಲೇ ಬಿಚ್ಚಿದವರಿಗೆ ಹೀಗಾಗುತ್ತದೆ. ಬೇರೆ ಜಾಗಕ್ಕೆ ಸಾಗಿಸಿದರೆ ಮುಗಿಯಿತು.

ಈಗ ಕಾನ್ಫಿಗ್.ಲಾಗ್ ಓದುವ ಬಗೆ. ತೆರೆದ ಕೂಡಲೇ ಕೊನೆಗೆ ಹೋಗಬೇಡಿ. ಕೊನೆಯಲ್ಲಿ ಇರುವುದು ವೇರಿಯಬಲ್‌ಗಳ ಉದ್ದನೆಯ ಪಟ್ಟಿ, ಅದನ್ನು ನೋಡಿ ಹೆದರಿ ಫೈಲ್ ಮುಚ್ಚುವವರೇ ಜಾಸ್ತಿ. ‘ಕ್ಯಾಶ್ ವೇರಿಯಬಲ್ಸ್’ ಎಂಬ ತಲೆಬರಹ ಹುಡುಕಿ, ಅಲ್ಲಿಂದ ಮೇಲಕ್ಕೆ ಬನ್ನಿ. ಸ್ಕ್ರಿಪ್ಟ್ ಕೊನೆಯದಾಗಿ ಏನನ್ನು ಪರೀಕ್ಷಿಸಿತು, ಅದಕ್ಕೆಂದು ಯಾವ ಪುಟ್ಟ ಪ್ರೋಗ್ರಾಂ ಬರೆದು ಕಂಪೈಲ್ ಮಾಡಿತು, ಕಂಪೈಲರ್ ಏನೆಂದು ಬೈದಿತು ಎಲ್ಲವೂ ಅಲ್ಲಿರುತ್ತದೆ. ಹೆಡರ್ ಫೈಲ್ ಇಲ್ಲ ಎಂದಿದ್ದರೆ ಡೆವಲಪ್‌ಮೆಂಟ್ ಪ್ಯಾಕೇಜ್ ಬಿಟ್ಟುಹೋಗಿದೆ. ಓಪನ್‌ಎಸ್‌ಎಸ್‌ಎಲ್ ಮೆಷಿನ್‌ನಲ್ಲಿ ಇದ್ದೇ ಇರುತ್ತದೆ, ಆದರೆ ಕಂಪೈಲ್ ಮಾಡಲು ಉಬುಂಟುವಿನಲ್ಲಿ ‘ಲಿಬ್‌ಎಸ್‌ಎಸ್‌ಎಲ್-ಡೆವ್’, ರೆಡ್‌ಹ್ಯಾಟ್ ಕಡೆ ‘ಓಪನ್‌ಎಸ್‌ಎಸ್‌ಎಲ್-ಡೆವೆಲ್’ ಬೇಕು. ಜೊತೆಗೆ ‘ಪಿಕೆಜಿ-ಕಾನ್ಫಿಗ್’ ಇರಲಿ, ಅದಿಲ್ಲದಿದ್ದರೆ ಲೈಬ್ರರಿ ಎದುರಿಗೇ ಇದ್ದರೂ ಸ್ಕ್ರಿಪ್ಟಿಗೆ ಕಾಣದೇ ಹೋಗಬಹುದು.

ಒಂದೊಂದೇ ಹುಡುಕುವ ಬದಲು ‘ಆಪ್ಟ್ ಬಿಲ್ಡ್-ಡೆಪ್ ಸ್ಕ್ವಿಡ್’ ಕೊಟ್ಟರೆ ಬೇಕಾದದ್ದೆಲ್ಲ ಒಮ್ಮೆಗೇ ಬರುತ್ತದೆ. ‘ಡೆಬ್-ಎಸ್‌ಆರ್‌ಸಿ’ ಸಾಲು ಇಲ್ಲ ಎಂದು ಅದು ಗೊಣಗಿದರೆ ಸೋರ್ಸಸ್ ಪಟ್ಟಿಯಲ್ಲಿ ಅದನ್ನು ಸೇರಿಸಿ. ಉಬುಂಟು 24.04ರಲ್ಲಿ ಆ ಪಟ್ಟಿಯ ಜಾಗ ಬದಲಾಗಿದೆ, ‘ಸೋರ್ಸಸ್.ಲಿಸ್ಟ್.ಡಿ’ ಫೋಲ್ಡರ್‌ನ ‘ಉಬುಂಟು.ಸೋರ್ಸಸ್’ ಫೈಲಿನಲ್ಲಿ ‘ಟೈಪ್ಸ್’ ಎಂಬ ಸಾಲಿಗೆ ‘ಡೆಬ್-ಎಸ್‌ಆರ್‌ಸಿ’ ಸೇರಿಸಬೇಕು.

ಎಲ್ಲಕ್ಕಿಂತ ಮೋಸದ ತೊಂದರೆ ಎಂದರೆ ಕಾನ್ಫಿಗರ್ ನಿಲ್ಲದೇ ಇರುವುದು. ಸ್ಕ್ವಿಡ್ 1996ರಿಂದ ಬರುತ್ತಿದೆ, ಹಾಗಾಗಿ ನೆಟ್‌ನಲ್ಲಿ ಸಿಗುವ ಟ್ಯುಟೋರಿಯಲ್‌ಗಳಲ್ಲಿ ಓಬೀರಾಯನ ಕಾಲದವು ಬಹಳ. ಅದರಲ್ಲಿ ‘--ಎನೇಬಲ್-ಎಸ್‌ಎಸ್‌ಎಲ್’ ಎಂದು ಇರುತ್ತದೆ. 3.5ರಿಂದ ಈಚೆಗೆ ಬೇಕಾದದ್ದು ‘--ವಿತ್-ಓಪನ್‌ಎಸ್‌ಎಸ್‌ಎಲ್’. ತನಗೆ ಗೊತ್ತಿಲ್ಲದ ಆಯ್ಕೆ ಕಂಡರೆ ಸ್ಕ್ರಿಪ್ಟ್ ನಿಲ್ಲುವುದಿಲ್ಲ, ಅದನ್ನು ಬಿಟ್ಟು ಸುಮ್ನೆ ಮುಂದೆ ಹೋಗುತ್ತದೆ. ಮೇಕ್ ಆಗುತ್ತದೆ, ಇನ್‌ಸ್ಟಾಲ್ ಆಗುತ್ತದೆ, ಕೊನೆಗೆ ಕಾನ್ಫಿಗ್‌ನಲ್ಲಿ ‘ಎಸ್‌ಎಸ್‌ಎಲ್-ಬಂಪ್’ ಬರೆದಾಗ ಇದು ಯಾವುದಪ್ಪಾ ಆಯ್ಕೆ, ನನಗೆ ಗೊತ್ತಿಲ್ಲ ಎಂದು ಸ್ಕ್ವಿಡ್ ಸಾಯುತ್ತದೆ. ಆಗ ‘ಸ್ಕ್ವಿಡ್ -ವಿ’ ಕೊಟ್ಟು, ಆಯ್ಕೆಗಳ ಪಟ್ಟಿಯಲ್ಲಿ ಎಸ್‌ಎಸ್‌ಎಲ್ ಇದೆಯಲ್ಲ ಎಂದು ವಾದ ಮಾಡಬೇಡಿ. ಆ ಪಟ್ಟಿ ನೀವು ಟೈಪ್ ಮಾಡಿದ್ದನ್ನು ಇದ್ದ ಹಾಗೇ ತೋರಿಸುತ್ತದೆ, ಆಗಿದ್ದನ್ನಲ್ಲ. ಅದೇ ಔಟ್‌ಪುಟ್‌ನಲ್ಲಿ ಈ ಬೈನರಿ ಓಪನ್‌ಎಸ್‌ಎಸ್‌ಎಲ್ ಬಳಸುತ್ತದೆ, ಇಂಥ ವರ್ಷನ್ ಎಂದು ಹೇಳುವ ಸಾಲು ಇದೆಯೇ ನೋಡಿ. ಇದ್ದರೆ ಇದೆ.

ಆಯ್ಕೆ ಬದಲಿಸಿ ಮತ್ತೆ ಕಾನ್ಫಿಗರ್ ಮಾಡುವ ಮೊದಲು ‘ಮೇಕ್ ಡಿಸ್ಟ್‌ಕ್ಲೀನ್’ ಮಾಡಿ. ಹಳೆಯ ಆಬ್ಜೆಕ್ಟ್ ಫೈಲ್‌ಗಳು ಹೊಸದರ ಜೊತೆ ಬೆರೆತರೆ ಬರುವ ಲಿಂಕರ್ ಎರರ್‌ಗಳಿಗೆ ತಲೆಯೂ ಇಲ್ಲ, ಬುಡವೂ ಇಲ್ಲ.

ಮೇಕ್ ಹಂತ

ಔಟ್‌ಪುಟ್ಟನ್ನು ‘ಟೀ’ ಬಳಸಿ ಫೈಲಿಗೆ ಹಾಕಿಕೊಳ್ಳಿ, ಎರರ್ ಸ್ಟ್ರೀಮ್ ಕೂಡ ಸೇರುವ ಹಾಗೆ. ಆ ಫೈಲಿನಲ್ಲಿ ‘ಎರರ್’ ಪದದ ಮುಂದೆ ಕೋಲನ್ ಇರುವ ಮೊದಲ ಸಾಲು ಹುಡುಕಿ. ಮೊದಲನೆಯದು ಮಾತ್ರ. ಅದರ ಕೆಳಗಿನವು ಬಹುಪಾಲು ಅದರದ್ದೇ ಮರಿಗಳು. ‘-ಜೆ’ ಕೊಟ್ಟು ನಾಲ್ಕೆಂಟು ಕೆಲಸ ಒಟ್ಟಿಗೆ ಓಡಿಸಿದ್ದರೆ ಎಲ್ಲರ ಮಾತೂ ಕಲಸಿಹೋಗಿರುತ್ತದೆ, ಯಾರು ಬಿದ್ದರು ಎಂದು ತಿಳಿಯುವುದಿಲ್ಲ. ಆಗ ‘-ಜೆ’ ಇಲ್ಲದೆ ಇನ್ನೊಮ್ಮೆ ಬರೀ ‘ಮೇಕ್’ ಕೊಡಿ. ಆಗಿರುವ ಕೆಲಸವನ್ನು ಅದು ಬಿಟ್ಟು, ಬಿದ್ದ ಜಾಗಕ್ಕೇ ನೇರ ಹೋಗಿ ಅಲ್ಲೇ ಬೀಳುತ್ತದೆ. ಈಗ ಎರರ್ ಸ್ಪಷ್ಟ.

ಚಿಕ್ಕ ಕ್ಲೌಡ್ ಮೆಷಿನ್‌ಗಳಲ್ಲಿ, ಒಂದು ಜಿಬಿ ರ್‍ಯಾಮ್ ಇರುವಂಥವುಗಳಲ್ಲಿ, ಜಾಸ್ತಿ ಕಾಣುವುದು ‘ಸಿಸಿ1ಪ್ಲಸ್’ ಕಿಲ್ಡ್ ಎಂಬ ಸಾಲು. ಇಂಟರ್ನಲ್ ಕಂಪೈಲರ್ ಎರರ್ ಎಂದೂ ಕೆಲವು ಸಲ ಹೇಳುತ್ತದೆ, ಅದನ್ನು ನೋಡಿ ಕಂಪೈಲರ್ ಕೆಟ್ಟಿದೆ ಎಂದುಕೊಂಡು ಜಿಸಿಸಿ ಮತ್ತೆ ಹಾಕುವವರಿದ್ದಾರೆ. ಕಂಪೈಲರ್‌ಗೆ ಏನೂ ಆಗಿಲ್ಲ. ಮೆಮೊರಿ ಸಾಲದೆ ಕರ್ನಲ್ ಅದನ್ನು ಕೊಂದಿದೆ. ಕರ್ನಲ್‌ನ ಮಾತು ತೋರಿಸುವ ‘ಡಿಎಂಇಎಸ್‌ಜಿ’ ಕಮಾಂಡಿನ ಕೊನೆಯಲ್ಲಿ ಔಟ್ ಆಫ್ ಮೆಮೊರಿ ಎಂದು ಇದ್ದೇ ಇರುತ್ತದೆ. ‘-ಜೆ’ ತೆಗೆಯಿರಿ, ಒಂದೆರಡು ಜಿಬಿಯ ಸ್ವಾಪ್ ಫೈಲ್ ಮಾಡಿಕೊಳ್ಳಿ, ನಿಧಾನಕ್ಕೆ ಆಗುತ್ತದೆ.

ಹಳೆಯ ಸ್ಕ್ವಿಡ್ಡನ್ನು ಹೊಸ ಜಿಸಿಸಿಯಿಂದ ಕಂಪೈಲ್ ಮಾಡುವಾಗ ಇನ್ನೊಂದು ತಕರಾರು. ಹಳೆಯ ಸರಣಿಗಳಲ್ಲಿ ವಾರ್ನಿಂಗ್ ಬಂದರೂ ಅದನ್ನು ಎರರ್ ಎಂದೇ ಹಿಡಿದು ನಿಲ್ಲಿಸುವ ವ್ಯವಸ್ಥೆ ಮೊದಲಿನಿಂದಲೇ ಇರುತ್ತದೆ. ಹೊಸ ಜಿಸಿಸಿ ಹಿಂದೆ ಇಲ್ಲದ ವಾರ್ನಿಂಗ್‌ಗಳನ್ನು ಕೊಡುತ್ತದೆ, ಕೋಡ್ ಸರಿಯಿದ್ದರೂ ಮೇಕ್ ನಿಲ್ಲುತ್ತದೆ. ಎರರ್ ಸಾಲಿನ ಕೊನೆಯಲ್ಲಿ ಚೌಕ ಬ್ರಾಕೆಟ್ ಒಳಗೆ ‘-ಡಬ್ಲ್ಯುಎರರ್’ ಎಂದಿದ್ದರೆ ಇದೇ ಕಾಯಿಲೆ. ‘--ಡಿಸೇಬಲ್-ಸ್ಟ್ರಿಕ್ಟ್-ಎರರ್-ಚೆಕಿಂಗ್’ ಕೊಟ್ಟು ಮತ್ತೆ ಕಾನ್ಫಿಗರ್ ಮಾಡಿದರೆ ದಾಟಬಹುದು. ದಾಟಬಹುದು ಎಂದೆ, ದಾಟಿ ಎಂದು ಹೇಳಲಿಲ್ಲ. ಹಳೆಯ ಸ್ಕ್ವಿಡ್‌ನಲ್ಲಿ ಗೊತ್ತಿರುವ ಸೆಕ್ಯುರಿಟಿ ತೂತುಗಳಿವೆ, ಹೊಸ ಸೋರ್ಸ್ ತರುವುದೇ ಸರಿಯಾದ ಮದ್ದು. 3.5ರವರಂತೂ ಈ ಆಯ್ಕೆ ಕೊಟ್ಟರೂ ಪಾರಾಗುವುದಿಲ್ಲ. ಅದರ ಎಸ್‌ಎಸ್‌ಎಲ್ ಕೋಡ್ ಓಪನ್‌ಎಸ್‌ಎಸ್‌ಎಲ್ 1.1ರ ಜೊತೆಗೇ ಹೊಂದುವುದಿಲ್ಲ, 4ಕ್ಕೆ ಬರಲೇಬೇಕು.

‘ಕ್ಲಾಕ್ ಸ್ಕ್ಯೂ’ ಎಂಬ ವಾರ್ನಿಂಗ್ ಬಂದರೆ ಮೆಷಿನ್‌ನ ದಿನಾಂಕ ನೋಡಿ. ಹಳೆಯ ಡೆಸ್ಕ್‌ಟಾಪನ್ನೇ ಸರ್ವರ್ ಮಾಡಿಕೊಂಡ ಲ್ಯಾಬ್‌ಗಳಲ್ಲಿ ಬೋರ್ಡಿನ ಬ್ಯಾಟರಿ ಸತ್ತಿರುತ್ತದೆ, ಕರೆಂಟ್ ಹೋಗಿ ಬಂದಾಗ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ, ಇವತ್ತು ಬಿಚ್ಚಿದ ಸೋರ್ಸ್ ಭವಿಷ್ಯದಿಂದ ಬಂದ ಫೈಲ್‌ನಂತೆ ಕಾಣುತ್ತದೆ. ಟೈಮ್ ಸರಿಮಾಡಿ, ಕ್ಲೀನ್ ಮಾಡಿ, ಮತ್ತೆ ಮೇಕ್.

ಇನ್‌ಸ್ಟಾಲ್ ಆಯಿತು, ಸ್ಟಾರ್ಟ್ ಆಗುತ್ತಿಲ್ಲ

ಇಲ್ಲಿ ನಿಲ್ಲುವವರೇ ಹೆಚ್ಚು. ಮೊದಲು ‘ಸ್ಕ್ವಿಡ್ -ಕೆ ಪಾರ್ಸ್’. ಕಾನ್ಫಿಗ್ ತಪ್ಪಿದ್ದರೆ ‘ಬಂಗಲ್ಡ್’ ಎಂದು ಹೇಳಿ ಫೈಲ್ ಹೆಸರು, ಸಾಲಿನ ನಂಬರ್ ಎರಡನ್ನೂ ಕೊಡುತ್ತದೆ. ಯಾವ ಫೈಲ್ ಎಂಬುದನ್ನೂ ಓದಿ, ನೀವು ತಿದ್ದುತ್ತಿರುವುದು ಅದೇ ಫೈಲಾ ಎಂದು ಅಲ್ಲೇ ಗೊತ್ತಾಗುತ್ತದೆ.

ಪಾರ್ಸ್ ಸರಿಯಿದ್ದರೆ ‘ಸ್ಕ್ವಿಡ್ -ಎನ್ -ಡಿ1’. ‘-ಎನ್’ (ಇಂಗ್ಲಿಷ್ ದೊಡ್ಡಕ್ಷರ) ಎಂದರೆ ಹಿನ್ನೆಲೆಗೆ ಹೋಗದೆ ಎದುರಿಗೇ ಓಡು ಎಂದು, ‘-ಡಿ1’ ಎಂದರೆ ಲಾಗ್‌ನಲ್ಲಿ ಬರೆಯುವುದನ್ನು ಸ್ಕ್ರೀನ್ ಮೇಲೂ ಹೇಳು ಎಂದು. ಕ್ಯಾಶ್.ಲಾಗ್‌ಗೆ ಬರೆಯಲೇ ಆಗದೆ ಸಾಯುವ ಸಂದರ್ಭದಲ್ಲಿ ಇದೊಂದೇ ದಾರಿ.

ಆ ಸಂದರ್ಭವೇ ಹೆಚ್ಚು ಕಾಣುವುದು. ಸ್ಕ್ವಿಡ್ಡನ್ನು ರೂಟ್ ಆಗಿ ಶುರು ಮಾಡುತ್ತೀರಿ, ಆದರೆ ಅದು ತಕ್ಷಣ ರೂಟ್ ಅಧಿಕಾರ ಬಿಟ್ಟು ಬೇರೆ ಯೂಸರ್ ಆಗುತ್ತದೆ. ಸೋರ್ಸ್‌ನಿಂದ ಮಾಡಿದರೆ ಆ ಯೂಸರ್ ‘ನೋಬಡಿ’. ಇತ್ತ ನೀವು ‘ಸುಡೋ ಮೇಕ್ ಇನ್‌ಸ್ಟಾಲ್’ ಮಾಡಿದ್ದರಿಂದ ಲಾಗ್ ಫೋಲ್ಡರ್‌ನ ಒಡೆಯ ರೂಟ್. ನೋಬಡಿಗೆ ಅಲ್ಲಿ ಬರೆಯಲು ಆಗುವುದಿಲ್ಲ. ಆ್ಯಕ್ಸೆಸ್.ಲಾಗ್ ತೆರೆಯಲಾಗುತ್ತಿಲ್ಲ, ಅದರ ಫೋಲ್ಡರ್ ಇಂಥ ಯೂಸರ್‌ಗೆ ಬರೆಯುವಂತಿರಬೇಕು ಎಂದು ಎರರ್ ತಾನೇ ಬಾಯಿಬಿಟ್ಟು ಹೇಳುತ್ತದೆ, ಯೂಸರ್ ಹೆಸರನ್ನೂ ಕೊಡುತ್ತದೆ. ‘ವಾರ್’ ಒಳಗಿನ ‘ಲಾಗ್ಸ್’ ಮತ್ತು ‘ಕ್ಯಾಶ್’ ಫೋಲ್ಡರ್‌ಗಳನ್ನು ಮಾತ್ರ ಆ ಯೂಸರ್ ಹೆಸರಿಗೆ ‘ಚೋನ್’ (ಒಡೆತನ ಬದಲಿಸುವ ಕಮಾಂಡ್) ಮಾಡಿ. ಇಡೀ ಸ್ಕ್ವಿಡ್ ಫೋಲ್ಡರನ್ನು ಬರೆದುಕೊಡಬೇಡಿ, ಎಲ್ಲರಿಗೂ ಎಲ್ಲ ಅನುಮತಿ ಕೊಡುವ 777 ಅಂತೂ ಬೇಡವೇ ಬೇಡ. ರೂಟ್ ಆಗಿ ಶುರುವಾಗುವ ಪ್ರೋಗ್ರಾಮನ್ನೇ ಯಾರು ಬೇಕಾದರೂ ಬದಲಿಸುವಂತೆ ಬಿಟ್ಟರೆ ಪ್ರಾಕ್ಸಿಗಿಂತ ದೊಡ್ಡ ತಲೆನೋವು ಬರುತ್ತದೆ. ಇದೆಲ್ಲ ಬೇಡ ಎಂದರೆ ಕಾನ್ಫಿಗರ್ ಮಾಡುವಾಗಲೇ ‘--ವಿತ್-ಡಿಫಾಲ್ಟ್-ಯೂಸರ್’ ಆಯ್ಕೆಯಲ್ಲಿ ‘ಪ್ರಾಕ್ಸಿ’ ಎಂಬ ಯೂಸರ್ ಕೊಡಿ, ಡೆಬಿಯನ್ ಮತ್ತು ಉಬುಂಟುವಿನಲ್ಲಿ ಆ ಯೂಸರ್ ಹುಟ್ಟಿನಿಂದಲೇ ಇರುತ್ತದೆ. ಚೋನ್ ಮಾತ್ರ ಆಗಲೂ ಮಾಡಬೇಕು.

ಚೋನ್ ಮಾಡಿಯೂ ಅದೇ ಎರರ್ ಬಂದರೆ ಮೇಲಿನ ಫೋಲ್ಡರ್‌ಗಳನ್ನು ನೋಡಿ. ರೂಟ್ ಗೊಡವೆ ಬೇಡ ಎಂದು ಪ್ರಿಫಿಕ್ಸನ್ನು ತಮ್ಮ ಹೋಮ್ ಫೋಲ್ಡರ್ ಒಳಗೇ ಕೊಡುವವರಿದ್ದಾರೆ. ಉಬುಂಟು 21.04ರಿಂದ ಹೊಸದಾಗಿ ಮಾಡುವ ಹೋಮ್ ಫೋಲ್ಡರ್‌ನ ಅನುಮತಿ 750, ಅಂದರೆ ಹೊರಗಿನವರು ಒಳಗೆ ಕಾಲಿಡುವ ಹಾಗೇ ಇಲ್ಲ. ಒಳಮನೆಯ ಬೀಗ ತೆಗೆದು ಹೆಬ್ಬಾಗಿಲು ಹಾಕಿಟ್ಟ ಹಾಗೆ. ‘ನೇಮ್‌ಐ -ಎಲ್’ ಎಂಬ ಕಮಾಂಡಿಗೆ ಲಾಗ್ ಫೈಲಿನ ಪೂರ್ತಿ ಪಾತ್ ಕೊಟ್ಟರೆ ಪ್ರತಿ ಮೆಟ್ಟಿಲಿನ ಅನುಮತಿಯನ್ನೂ ಸಾಲಾಗಿ ತೋರಿಸುತ್ತದೆ.

ಡಿಸ್ಕ್ ಕ್ಯಾಶ್ ಬೇಕೆಂದು ‘ಕ್ಯಾಶ್_ಡಿರ್’ ಸಾಲು ತೆರೆದವರು ಮೊದಲ ಸಲ ‘ಸ್ಕ್ವಿಡ್ -ಝಡ್’ ಓಡಿಸಿ ಸ್ವಾಪ್ ಫೋಲ್ಡರ್‌ಗಳನ್ನು ಮಾಡಿಸಬೇಕು, ಇಲ್ಲದಿದ್ದರೆ ಅದನ್ನೇ ಹೇಳಿ ಸಾಯುತ್ತದೆ. ಆ ಸಾಲು ತೆರೆಯದಿದ್ದರೆ ಸ್ಕ್ವಿಡ್ ಬರೀ ಮೆಮೊರಿಯಲ್ಲಿ ಕ್ಯಾಶ್ ಮಾಡುತ್ತದೆ, ‘-ಝಡ್’ ಬೇಕಿಲ್ಲ.

ಲೈಬ್ರರಿ ಲೋಡ್ ಆಗುತ್ತಿಲ್ಲ ಎಂದರೆ, ಬೇಕಾದ ಲೈಬ್ರರಿಗಳ ಪಟ್ಟಿ ಕೊಡುವ ‘ಎಲ್‌ಡಿಡಿ’ಯಲ್ಲಿ ಯಾವುದರ ಮುಂದೆ ನಾಟ್ ಫೌಂಡ್ ಇದೆ ನೋಡಿ. ಆ ಲೈಬ್ರರಿಯನ್ನೂ ನೀವೇ ಕಂಪೈಲ್ ಮಾಡಿ ‘/ಯುಎಸ್‌ಆರ್/ಲೋಕಲ್/ಲಿಬ್’ನಲ್ಲಿ ಹಾಕಿದ್ದರೆ ‘ಎಲ್‌ಡಿಕಾನ್ಫಿಗ್’ ಓಡಿಸಿ. ರೆಡ್‌ಹ್ಯಾಟ್ ಬಳಗದಲ್ಲಿ ಆ ಜಾಗ ಪಟ್ಟಿಯಲ್ಲೇ ಇರುವುದಿಲ್ಲ, ‘ಎಲ್‌ಡಿ.ಎಸ್‌ಓ.ಕಾನ್ಫ್.ಡಿ’ಯಲ್ಲಿ ಒಂದು ಫೈಲ್ ಮಾಡಿ ಸೇರಿಸಿ.

ಅಡ್ರೆಸ್ ಆಲ್ರೆಡಿ ಇನ್ ಯೂಸ್ ಎಂದರೆ 3128 ಪೋರ್ಟನ್ನು ಇನ್ನೊಬ್ಬರು ಹಿಡಿದಿದ್ದಾರೆ. ‘ಎಸ್‌ಎಸ್ -ಎಲ್‌ಟಿಎನ್‌ಪಿ’ಯಲ್ಲಿ ಯಾರೆಂದು ಸಿಗುತ್ತದೆ. ಬಹುಶಃ ಅದೇ ಹಳೆಯ ಪ್ಯಾಕೇಜ್ ಸ್ಕ್ವಿಡ್.

ಕೈಯಿಂದ ಓಡಿಸಿದರೆ ಸರಿ, ಸಿಸ್ಟಮ್‌ಡಿ ಮೂಲಕ ಮಾತ್ರ ಒಂದೂವರೆ ನಿಮಿಷ ಸುಮ್ಮನಿದ್ದು ಆಮೇಲೆ ಫೇಲ್ ಎನ್ನುತ್ತದೆಯೇ? ಅದರ ಸರ್ವಿಸ್ ಫೈಲಿನಲ್ಲಿ ‘ಟೈಪ್’ ಎದುರು ಬಹುಶಃ ‘ನೋಟಿಫೈ’ ಎಂದು ಇದೆ. ಅಂದರೆ ನಾನು ಸಿದ್ಧ ಎಂದು ಸ್ಕ್ವಿಡ್ ಹೇಳುವವರೆಗೂ ಸಿಸ್ಟಮ್‌ಡಿ ಕಾಯುತ್ತದೆ. ಕಂಪೈಲ್ ಮಾಡುವಾಗ ‘ಲಿಬ್‌ಸಿಸ್ಟಮ್‌ಡಿ-ಡೆವ್’ ಇರಲಿಲ್ಲವಾದರೆ ಹಾಗೆ ಹೇಳುವ ಬಾಯೇ ಸ್ಕ್ವಿಡ್‌ಗೆ ಇಲ್ಲ. 90 ಸೆಕೆಂಡ್ ಕಾದು ಸಿಸ್ಟಮ್‌ಡಿ ಅದನ್ನು ಕೊಲ್ಲುತ್ತದೆ. ಲೈಬ್ರರಿ ಹಾಕಿ ಮತ್ತೆ ಕಂಪೈಲ್ ಮಾಡಿ, ಇಲ್ಲವೇ ಟೈಪನ್ನು ‘ಸಿಂಪಲ್’ ಮಾಡಿ ‘--ಫೋರ್‌ಗ್ರೌಂಡ್’ ಆಯ್ಕೆಯಿಂದ ಓಡಿಸಿ. ಸೋರ್ಸ್‌ನ ‘ಟೂಲ್ಸ್/ಸಿಸ್ಟಮ್‌ಡಿ’ಯಲ್ಲಿ ಸಿಗುವ ಸರ್ವಿಸ್ ಫೈಲಿನ ಪಾತ್‌ಗಳು ನಿಮ್ಮ ಪ್ರಿಫಿಕ್ಸಿಗೆ ಹೊಂದುತ್ತವೆಯೇ ಎಂದೂ ನೋಡಿಕೊಳ್ಳಿ.

ಓಡುತ್ತಿದೆ, ಆದರೆ ಪೇಜ್ ಬರುತ್ತಿಲ್ಲ

ಬ್ರೌಸರ್ ಬಿಡಿ. ಸರ್ವರ್‌ನಲ್ಲೇ ಕೂತು ‘ಕರ್ಲ್ -ಎಕ್ಸ್’ಗೆ 127.0.0.1ರ 3128 ಕೊಟ್ಟು ಯಾವುದಾದರೂ ಪೇಜ್ ಕೇಳಿ. ಬಂದರೆ ಸ್ಕ್ವಿಡ್ ಸರಿಯಿದೆ. ಆಮೇಲೆ ಇನ್ನೊಂದು ಕಂಪ್ಯೂಟರ್‌ನಿಂದ ಅದನ್ನೇ ಮಾಡಿ, ಆ್ಯಕ್ಸೆಸ್.ಲಾಗನ್ನು ‘ಟೇಲ್ -ಎಫ್’ನಲ್ಲಿ ತೆರೆದಿಟ್ಟುಕೊಂಡು. ಲಾಗ್‌ನಲ್ಲಿ ಒಂದು ಸಾಲೂ ಬೀಳದಿದ್ದರೆ ರಿಕ್ವೆಸ್ಟ್ ಸ್ಕ್ವಿಡ್ ತನಕ ತಲುಪೇ ಇಲ್ಲ. ಫೈರ್‌ವಾಲ್ ನೋಡಿ, ಸ್ಕ್ವಿಡ್ ಕಾನ್ಫಿಗ್ ಮುಟ್ಟಬೇಡಿ. ಇನ್ನೊಂದು ಚುಟುಕು ಪರೀಕ್ಷೆ ಇದೆ. ಆ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಸರ್ವರ್ ಐಪಿ ಮತ್ತು 3128ನ್ನು ವೆಬ್‌ಸೈಟ್ ವಿಳಾಸದಂತೆ ತೆರೆಯಿರಿ. ಇನ್‌ವ್ಯಾಲಿಡ್ ಯುಆರ್‌ಎಲ್ ಎಂದು ಸ್ಕ್ವಿಡ್‌ನದೇ ಎರರ್ ಪೇಜ್ ಬಂದರೆ ಖುಷಿಪಡಿ, ದಾರಿ ತೆರೆದಿದೆ.

ಲಾಗ್‌ನಲ್ಲಿ ‘ಟಿಸಿಪಿ_ಡಿನೈಡ್/403’ ಕಂಡರೆ ಎಸಿಎಲ್ (ಯಾರಿಗೆ ಬಿಡಬೇಕು, ಯಾರಿಗೆ ಬೇಡ ಎಂಬ ನಿಯಮ) ತಡೆದಿದೆ. ‘ಎಚ್‌ಟಿಟಿಪಿ_ಆ್ಯಕ್ಸೆಸ್’ ಸಾಲುಗಳನ್ನು ಸ್ಕ್ವಿಡ್ ಮೇಲಿನಿಂದ ಕೆಳಗೆ ಓದುತ್ತದೆ, ಮೊದಲು ಹೊಂದಿದ ಸಾಲೇ ತೀರ್ಪು. ‘ಡಿನೈ ಆಲ್’ ಕೆಳಗೆ ನೀವು ಏನು ಬರೆದರೂ ಅದು ಓದುವುದೇ ಇಲ್ಲ. ಒಂದೇ ಸಾಲಿನಲ್ಲಿ ಎರಡು ಎಸಿಎಲ್ ಬರೆದರೆ ಎರಡೂ ಹೊಂದಬೇಕು ಎಂದು ಅರ್ಥ, ಯಾವುದಾದರೂ ಒಂದು ಸಾಕು ಎಂದಲ್ಲ. ಕೆಲವು ಪೋರ್ಟಲ್‌ಗಳು 8443ರಂಥ ಪೋರ್ಟ್‌ನಲ್ಲಿರುತ್ತವೆ. ‘ಎಸ್‌ಎಸ್‌ಎಲ್_ಪೋರ್ಟ್ಸ್’ನಲ್ಲಿ 443 ಒಂದೇ ಇರುವುದರಿಂದ ಅವು ಮಾತ್ರ ತೆರೆಯುವುದಿಲ್ಲ, ಉಳಿದದ್ದೆಲ್ಲ ಸರಿ. ಆ ಪೋರ್ಟನ್ನು ಸೇರಿಸಿ ‘ಸ್ಕ್ವಿಡ್ -ಕೆ ರೀಕಾನ್ಫಿಗರ್’ ಕೊಡಿ. 407 ಕಂಡರೆ ಅದು ಪಾಸ್‌ವರ್ಡ್ ಕೇಳುತ್ತಿದೆ ಅಷ್ಟೇ, ಬೇರೆ ವಿಷಯ.

ಲಾಗ್ ತುಂಬಾ ‘ಟಿಸಿಪಿ_ಟನಲ್’ ಇದೆ, ಒಂದೂ ಹಿಟ್ ಇಲ್ಲ, ಕ್ಯಾಶ್ ಕೆಲಸ ಮಾಡುತ್ತಿಲ್ಲ ಎಂಬ ದೂರು ದೋಷವೇ ಅಲ್ಲ. ಎಚ್‌ಟಿಟಿಪಿಎಸ್ ಸೈಟ್‌ಗಳ ಒಳಗೆ ಏನಿದೆ ಎಂದು ಸ್ಕ್ವಿಡ್‌ಗೆ ಕಾಣುವುದಿಲ್ಲ, ಕಾಣದ್ದನ್ನು ಎತ್ತಿಡುವುದು ಹೇಗೆ? ಎಸ್‌ಎಸ್‌ಎಲ್ ಬಂಪ್ ಹಾಕಿದರೆ ಕಾಣುತ್ತದೆ. ಅದನ್ನು ನಿಮ್ಮದೇ ನೆಟ್‌ವರ್ಕ್‌ನಲ್ಲಿ, ಬಳಸುವವರಿಗೆ ತಿಳಿಸಿಯೇ ಮಾಡಿ. ಆಗ ಬರುವ ಹೊಸ ಎರರ್ ಎಂದರೆ ಸರ್ಟಿಫಿಕೇಟ್ ಮಾಡುವ ಹೆಲ್ಪರ್‌ಗಳು ಪದೇ ಪದೇ ಬೀಳುತ್ತಿವೆ ಎಂಬುದು. ಹೆಲ್ಪರ್‌ನ ಹೆಸರು 3.5ರಲ್ಲಿ ‘ಎಸ್‌ಎಸ್‌ಎಲ್_ಸಿಆರ್‌ಟಿಡಿ’ ಇತ್ತು, 4ರಿಂದ ‘ಸೆಕ್ಯುರಿಟಿ_ಫೈಲ್_ಸರ್ಟ್‌ಜೆನ್’ ಆಗಿದೆ, ಹಳೆಯ ಟ್ಯುಟೋರಿಯಲ್ ನೋಡಿ ಕಾನ್ಫಿಗ್ ಬರೆದವರು ಇಲ್ಲಿ ಎಡವುತ್ತಾರೆ. ಹೆಸರು ಸರಿಯಿದ್ದೂ ಬಿದ್ದರೆ ಅದರ ಡೇಟಾಬೇಸ್ ಫೋಲ್ಡರ್ ಮಾಡಿಲ್ಲ, ಅಥವಾ ರೂಟ್ ಆಗಿ ಮಾಡಿ ಯೂಸರ್‌ಗೆ ಚೋನ್ ಮಾಡಿಲ್ಲ. ‘-ಸಿ’ ಮತ್ತು ‘-ಎಸ್’ ಕೊಟ್ಟು ಆ ಹೆಲ್ಪರ್‌ನಿಂದಲೇ ಫೋಲ್ಡರ್ ಮಾಡಿಸಬೇಕು. ನೀವೇ ಮೊದಲು ಖಾಲಿ ಫೋಲ್ಡರ್ ಮಾಡಿಟ್ಟರೆ ಅದು ಒಪ್ಪುವುದಿಲ್ಲ.

ಕೆಲವು ದಿನ ಓಡಿದ ಮೇಲೆ

ಕರೆಂಟ್ ಹೋಗಿ ಬಂದ ಮೇಲೆ ಸ್ಕ್ವಿಡ್ ಈಗಾಗಲೇ ಓಡುತ್ತಿದೆ ಎನ್ನುತ್ತದೆ, ‘ಪಿಎಸ್’ನಲ್ಲಿ ನೋಡಿದರೆ ಇಲ್ಲ. ಪ್ಯಾಕೇಜ್ ಸ್ಕ್ವಿಡ್‌ನ ಪಿಐಡಿ ಫೈಲ್ (ತನ್ನ ಪ್ರೋಸೆಸ್ ನಂಬರ್ ಬರೆದಿಡುವ ಫೈಲ್) ‘/ರನ್’ನಲ್ಲಿರುತ್ತದೆ, ಅದು ಮೆಮೊರಿಯಲ್ಲಿರುವ ಜಾಗ, ರೀಬೂಟ್ ಆದರೆ ಅಳಿಸಿಹೋಗುತ್ತದೆ. ನಿಮ್ಮದು ‘/ಯುಎಸ್‌ಆರ್/ಲೋಕಲ್/ಸ್ಕ್ವಿಡ್/ವಾರ್/ರನ್’ನಲ್ಲಿ, ಡಿಸ್ಕ್ ಮೇಲೆ, ಹಾಗೇ ಉಳಿಯುತ್ತದೆ. ಅದರಲ್ಲಿರುವ ಹಳೆಯ ನಂಬರ್ ಈ ಬೂಟ್‌ನಲ್ಲಿ ಬೇರೆ ಯಾವುದೋ ಪ್ರೋಸೆಸ್‌ಗೆ ಸಿಕ್ಕಿದ್ದರೆ ಸ್ಕ್ವಿಡ್ ಮೋಸ ಹೋಗುತ್ತದೆ. ಸ್ಕ್ವಿಡ್ ಓಡುತ್ತಿಲ್ಲ ಎಂದು ಖಚಿತ ಮಾಡಿಕೊಂಡು ಆ ಫೈಲ್ ಅಳಿಸಿ. ಕಾಯಂ ಪರಿಹಾರ ಬೇಕೆಂದರೆ ‘ಪಿಐಡಿ_ಫೈಲ್‌ನೇಮ್’ ಸಾಲಿನಲ್ಲಿ ಅದನ್ನೂ ‘/ರನ್’ಗೆ ಕಳಿಸಿ.

ಬೆಳಿಗ್ಗೆ ಸರಿ, ಎಲ್ಲರೂ ಬಂದು ಕೂತ ಮೇಲೆ ಎಳೆಯುತ್ತದೆ ಎನ್ನುವವರು ಕ್ಯಾಶ್.ಲಾಗ್‌ನ ಆರಂಭದಲ್ಲಿ ಎಷ್ಟು ಫೈಲ್ ಡಿಸ್ಕ್ರಿಪ್ಟರ್ (ಒಂದೇ ಸಲ ತೆರೆದಿಡಬಹುದಾದ ಫೈಲ್, ಕನೆಕ್ಷನ್‌ಗಳ ಲೆಕ್ಕ) ಸಿಕ್ಕಿದೆ ಎಂಬ ಸಾಲು ನೋಡಿ. 1024 ಎಂದಿದ್ದರೆ ಕಡಿಮೆ. ಬ್ರೌಸರ್ ಕಡೆಗೊಂದು, ಸೈಟ್ ಕಡೆಗೊಂದು ಎಂದು ಒಂದು ಕನೆಕ್ಷನ್‌ಗೆ ಎರಡಾದರೂ ಖರ್ಚಾಗುತ್ತದೆ, ಒಂದೊಂದು ಪೇಜಿಗೆ ಹತ್ತಾರು ಕನೆಕ್ಷನ್. ಸರ್ವಿಸ್ ಫೈಲಿನಲ್ಲಿ ‘ಲಿಮಿಟ್‌ನೋಫೈಲ್’ ಏರಿಸಿ, ಕಾನ್ಫಿಗ್‌ನಲ್ಲಿ ‘ಮ್ಯಾಕ್ಸ್_ಫೈಲ್‌ಡಿಸ್ಕ್ರಿಪ್ಟರ್ಸ್’ ಕೂಡ ಏರಿಸಿ, ರೀಸ್ಟಾರ್ಟ್ ಮಾಡಿ ಅದೇ ಸಾಲನ್ನು ಮತ್ತೆ ನೋಡಿ.

ಇನ್ನು ಡಿಸ್ಕ್ ತುಂಬುವುದು. ಪ್ಯಾಕೇಜ್ ಹಾಕಿದರೆ ಹಳೆಯ ಲಾಗ್‌ಗಳನ್ನು ಬದಿಗಿಟ್ಟು ಅಳಿಸುವ ಲಾಗ್‌ರೊಟೇಟ್ ಫೈಲ್ ಜೊತೆಗೇ ಬರುತ್ತದೆ, ‘ಮೇಕ್ ಇನ್‌ಸ್ಟಾಲ್’ ಅದನ್ನು ಕೊಡುವುದಿಲ್ಲ. ಆ್ಯಕ್ಸೆಸ್.ಲಾಗ್ ಬೆಳೆಯುತ್ತಲೇ ಹೋಗುತ್ತದೆ, ಒಂದು ದಿನ ಜಾಗ ಮುಗಿದು ಸ್ಕ್ವಿಡ್ ನಿಲ್ಲುತ್ತದೆ. ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್‌ನಲ್ಲಿ ದಿನಕ್ಕೊಮ್ಮೆ, ರಾತ್ರಿ ಯಾರೂ ಬಳಸದ ಹೊತ್ತಿನಲ್ಲಿ ‘ಸ್ಕ್ವಿಡ್ -ಕೆ ರೊಟೇಟ್’ ಹಾಕಿಡಿ, ಪೂರ್ತಿ ಪಾತ್ ಸಮೇತ. ಎಷ್ಟು ಹಳೆಯ ಲಾಗ್ ಉಳಿಸಬೇಕು ಎಂಬುದನ್ನು ‘ಲಾಗ್‌ಫೈಲ್_ರೊಟೇಟ್’ ನೋಡಿಕೊಳ್ಳುತ್ತದೆ, ಏನೂ ಬರೆಯದಿದ್ದರೆ 10.